ಹೈಡ್ರಾಂಜಿಯ ಹೂವೂ ನಮ್ಮ ಸೀಮೆಯ ಮಣ್ಣೂ

ವಿಜಯನಗರದ ಜನರಿಗೆ ಹೂವಿನ ಮೇಲಿದ್ದ ಪ್ರೀತಿ ಪರದೇಶದ ಪ್ರವಾಸಿಗಳನ್ನು ಬೆರಗುಗೊಳಿಸಿತ್ತು. ೧೪೪೩ರಲ್ಲಿ ಇಲ್ಲಿಗೆ ಬಂದ ಪರ್ಷಿಯದ ರಾಯಭಾರಿ ಅಬ್ದುರ್ ರಜಾಕನು, ಈ ನಗರದಲ್ಲಿ ಗುಲಾಬಿ ಎಲ್ಲೆಲ್ಲೂ ಮಾರಾಟವಾಗುತ್ತಿದ್ದುದನ್ನೂ ಜನರು ಅದನ್ನು ಅನ್ನದಷ್ಟೇ ಅವಶ್ಯಕವೆಂದು ಎಣಿಸುತ್ತಿದ್ದುದನ್ನೂ ಬರೆದಿಟ್ಟಿದ್ದಾನೆ. ಆ ಪ್ರೀತಿ ಇಂದಿಗೂ ಕಡಮೆಯಾಗಿಲ್ಲ. ಹೊಸಪೇಟೆಯ ಯಾವ ಓಣಿಗೆ ಹೋದರೂ ಮಲ್ಲಿಗೆ, ದಾಸವಾಳ, ಕನಕಾಂಬರಗಳು ಮನೆಯ ಮುಂದೆ ಕಾಣಸಿಗುತ್ತವೆ. ಈಚೆಗೆ ಇವುಗಳ ಜೊತೆಗೆ ಹೊಸದೊಂದು ಅತಿಥಿ ಬಂದು ಸೇರಿದೆ. ಅದೇ ಹೈಡ್ರಾಂಜಿಯ.

ಬೆಂಗಳೂರಿನ ಲಾಲ್‌ಬಾಗಿನ ಫಲಪುಷ್ಪ ಪ್ರದರ್ಶನಕ್ಕೆ ಹೋದವರೂ ಮಡಿಕೇರಿ, ಊಟಿಗಳಿಗೆ ಪ್ರವಾಸ ಹೋದವರೂ ಚೆಂಡಿನಂತಹ ಅದರ ನೀಲಿ ಹೂಗೊಂಚಲನ್ನು ಕಂಡು ಮರುಳಾಗಿ ಒಂದು ಕುಂಡವನ್ನು ಹೊತ್ತು ತರುತ್ತಾರೆ. ಮುಂದಿನ ಕಥೆ ಸಾಮಾನ್ಯವಾಗಿ ಒಂದೇ ಬಗೆಯದು. ಸಂಕ್ರಾಂತಿಯವರೆಗೆ ಗಿಡ ನಗುನಗುತ್ತಿರುತ್ತದೆ. ಶಿವರಾತ್ರಿಯ ಹೊತ್ತಿಗೆ ಮಧ್ಯಾಹ್ನವಾದೊಡನೆ ಎಲೆಗಳು ಜೋತುಬೀಳುತ್ತವೆ. ಯುಗಾದಿಯ ಹೊತ್ತಿಗೆ ಎಲೆಯ ಅಂಚು ಸುಟ್ಟಂತೆ ಕಂದಾಗುತ್ತದೆ. ಅದೃಷ್ಟವಶಾತ್ ಗಿಡ ಬದುಕಿ ಮುಂದಿನ ವರ್ಷ ಹೂ ಬಿಟ್ಟರೆ, ನೀಲಿಯಾಗಿದ್ದ ಹೂವು ನಸುಗೆಂಪಾಗಿರುತ್ತದೆ! ಸಸಿ ಮಾರಿದವನು ಮೋಸ ಮಾಡಿದನೆಂದು ಕೆಲವರು, ದೃಷ್ಟಿ ತಾಗಿತೆಂದು ಕೆಲವರು, ಎಲ್ಲಕ್ಕೂ ಬಿಸಿಲೇ ಕಾರಣವೆಂದು ಉಳಿದವರು ಹೇಳುತ್ತಾರೆ. ಸಸಿ ಮಾರಿದವನು ನಿರಪರಾಧಿ, ದೃಷ್ಟಿಯೂ ತಾಗಿಲ್ಲ, ಬಿಸಿಲೊಂದೇ ಅಪರಾಧಿಯೂ ಅಲ್ಲ. ನಿಜವಾದ ಕಾರಣಗಳು ನಮ್ಮ ಗಾಳಿಯಲ್ಲಿ, ನಮ್ಮ ನೀರಿನಲ್ಲಿ ಮತ್ತು ನಮ್ಮ ಮಣ್ಣಿನಲ್ಲಿ ಇವೆ. ಅವು ಯಾವುವೆಂಬುದನ್ನೂ ಅವನ್ನರಿತು ಗಿಡವನ್ನು ಉಳಿಸಿಕೊಳ್ಳುವ ಬಗೆಯನ್ನೂ ಈಗ ನೋಡೋಣ.

ಗಿಡದ ತವರು

ಮನೆಯಂಗಳದಲ್ಲಿ ಬೆಳೆಸುವ ದೊಡ್ಡೆಲೆಯ ಹೈಡ್ರಾಂಜಿಯದ ತವರು ಜಪಾನು. ಅಲ್ಲಿ ಇದನ್ನು ಅಜಿಸಾಯಿ ಎನ್ನುತ್ತಾರೆ. ಸ್ವೀಡನ್ನಿನ ಸಸ್ಯವಿಜ್ಞಾನಿ ತುನ್‌ಬರ್ಗನು ೧೭೮೪ರಲ್ಲಿ ಇದನ್ನು ವರ್ಣಿಸಿದನು. ಹದಿನೆಂಟನೆಯ ಶತಮಾನದ ಕೊನೆಯಲ್ಲಿ ಇದು ಇಂಗ್ಲೆಂಡನ್ನು ಮುಟ್ಟಿತು. ಅಲ್ಲಿಂದ ಲೋಕದ ತೋಟಗಳಿಗೆಲ್ಲ ಹರಡಿತು. ಹೈಡ್ರಾಂಜಿಯ ಎಂಬ ಹೆಸರು ನೀರು ಮತ್ತು ಪಾತ್ರೆ ಎಂಬರ್ಥದ ಎರಡು ಗ್ರೀಕ್ ಪದಗಳಿಂದ ಬಂದಿದೆ. ಇದರ ಪುಟ್ಟ ಕಾಯಿಯ ಆಕಾರ ನೀರಿನ ಪಾತ್ರೆಯನ್ನು ಹೋಲುವುದೇ ಈ ಹೆಸರಿಗೆ ಕಾರಣ. ಆದರೆ ಗಿಡದ ಸ್ವಭಾವಕ್ಕೂ ಹೆಸರು ಚೆನ್ನಾಗಿಯೇ ಒಪ್ಪುತ್ತದೆ.

ನಾವು ಹೂವಿನ ದಳಗಳೆಂದು ತಿಳಿಯುವ ಬಣ್ಣದ ಎಸಳುಗಳು ವಾಸ್ತವವಾಗಿ ದಳಗಳಲ್ಲ. ಅವು ಪುಷ್ಪಪತ್ರಗಳು, ಎಂದರೆ ಬೇರೆ ಹೂಗಳಲ್ಲಿ ಮೊಗ್ಗನ್ನು ಹಸುರಾಗಿ ಮುಚ್ಚಿಕೊಂಡಿರುವ ಹೊರಗವಚ. ಹೈಡ್ರಾಂಜಿಯದಲ್ಲಿ ಅವೇ ಅಗಲವಾಗಿ ಬಣ್ಣ ತಳೆದಿವೆ. ನಿಜವಾದ ದಳಗಳು ನಡುವೆ ಕಡ್ಡಿಯ ತಲೆಯಷ್ಟು ಚಿಕ್ಕದಾಗಿ ಇರುತ್ತವೆ. ಪುಷ್ಪಪತ್ರಗಳು ದಳಗಳಂತೆ ಬೇಗನೆ ಉದುರದಿರುವುದರಿಂದಲೇ ಈ ಗೊಂಚಲುಗಳು ವಾರಗಟ್ಟಲೆ ನಿಲ್ಲುತ್ತವೆ.

ಜಪಾನಿನ ಇದರ ನೆಲೆ ಮಳೆ ಹೆಚ್ಚಾಗಿರುವ, ಗಾಳಿ ತೇವವಾಗಿರುವ ಕರಾವಳಿಯ ಪ್ರದೇಶ. ನಮ್ಮ ಕೊಡಗು, ಚಿಕ್ಕಮಗಳೂರು, ನೀಲಗಿರಿಗಳಲ್ಲಿ ಇದು ಬೇಲಿಯ ಗಿಡದಂತೆ ಸುಲಭವಾಗಿ ಬೆಳೆಯುವುದಕ್ಕೆ ಅಲ್ಲಿನ ಮಳೆ, ತಂಪು ಮತ್ತು ಆಮ್ಲಗುಣದ ಮಣ್ಣು ಮೂರೂ ಕಾರಣ. ಹೊಸಪೇಟೆಯಲ್ಲಿ ವರ್ಷಕ್ಕೆ ಬೀಳುವ ಮಳೆ ಸುಮಾರು ೫೦೦ರಿಂದ ೭೦೦ ಮಿಲಿಮೀಟರು. ಏಪ್ರಿಲ್ ಮೇ ತಿಂಗಳುಗಳಲ್ಲಿ ಹಗಲಿನ ಉಷ್ಣತೆ ೩೮ರಿಂದ ೪೦ ಡಿಗ್ರಿ ಸೆಲ್ಸಿಯಸ್‌ವರೆಗೂ, ಕೆಲವು ದಿನ ಅದಕ್ಕೂ ಮೇಲಕ್ಕೂ ಏರುತ್ತದೆ. ತವರಿನ ಮೂರು ಸೌಕರ್ಯಗಳಲ್ಲಿ ಒಂದೂ ಇಲ್ಲಿ ತಾನಾಗಿ ದೊರೆಯುವುದಿಲ್ಲ.

ಗಾಳಿಯ ಬಾಯಾರಿಕೆ

ಮಧ್ಯಾಹ್ನ ಎಲೆ ಜೋತುಬಿದ್ದೊಡನೆ ನೀರು ಸಾಲದೆಂದು ಭಾವಿಸಿ ಕುಂಡಕ್ಕೆ ಮತ್ತಷ್ಟು ನೀರು ಸುರಿಯುವವರು ಬಹಳ ಮಂದಿ. ಆದರೆ ಮಣ್ಣಿಗೆ ಬೆರಳಿಟ್ಟು ನೋಡಿದರೆ ಅದು ಒದ್ದೆಯಾಗಿಯೇ ಇರುತ್ತದೆ. ಕಾಲಬುಡದಲ್ಲಿ ನೀರಿದ್ದೂ ಗಿಡ ಬಾಯಾರುವುದೇಕೆ?

ಗಾಳಿ ಹಿಡಿದಿಡಬಲ್ಲ ನೀರಾವಿಗೆ ಒಂದು ಮಿತಿ ಇದೆ. ಉಷ್ಣತೆ ಏರಿದಂತೆ ಈ ಮಿತಿಯೂ ಬಹು ಬೇಗನೆ ಏರುತ್ತದೆ. ೨೨ ಡಿಗ್ರಿಯಲ್ಲಿ ಪರ್ಯಾಪ್ತ ಬಾಷ್ಪದ ಒತ್ತಡ ಪಾದರಸದ ಸುಮಾರು ೨೦ ಮಿಲಿಮೀಟರು. ೪೦ ಡಿಗ್ರಿಯಲ್ಲಿ ಅದು ಸುಮಾರು ೫೫ ಮಿಲಿಮೀಟರು. ಮಲೆನಾಡಿನಲ್ಲಿ ಮಳೆಗಾಲದ ಒಂದು ದಿನ ಉಷ್ಣತೆ ೨೨ ಡಿಗ್ರಿ, ಸಾಪೇಕ್ಷ ಆರ್ದ್ರತೆ ನೂರಕ್ಕೆ ೮೦ ಎಂದು ಇಟ್ಟುಕೊಳ್ಳೋಣ. ಗಾಳಿ ಇನ್ನೂ ಹೀರಬಲ್ಲ ಬಾಷ್ಪದ ಒತ್ತಡ ೨೦ರಲ್ಲಿ ಐದನೆಯ ಒಂದು ಭಾಗ, ಎಂದರೆ ೪ ಮಿಲಿಮೀಟರು. ಹೊಸಪೇಟೆಯಲ್ಲಿ ಏಪ್ರಿಲಿನ ಒಂದು ಮಧ್ಯಾಹ್ನ ಉಷ್ಣತೆ ೪೦ ಡಿಗ್ರಿ, ಸಾಪೇಕ್ಷ ಆರ್ದ್ರತೆ ನೂರಕ್ಕೆ ೨೦ ಎಂದಿಟ್ಟುಕೊಂಡರೆ, ಈ ಕೊರತೆ ೫೫ರಲ್ಲಿ ಐದನೆಯ ನಾಲ್ಕು ಭಾಗ, ಎಂದರೆ ೪೪ ಮಿಲಿಮೀಟರು. ಉಷ್ಣತೆ ಎರಡು ಪಟ್ಟೂ ಆಗಿಲ್ಲ. ಗಾಳಿಯ ಬಾಯಾರಿಕೆಯಾದರೋ ಹನ್ನೊಂದು ಪಟ್ಟಾಗಿದೆ.

ಈ ಬಾಯಾರಿದ ಗಾಳಿ ಎಲೆಯಡಿಯ ಪತ್ರರಂಧ್ರಗಳ ಮೂಲಕ ಗಿಡದ ನೀರನ್ನು ಹೀರುತ್ತದೆ. ಹೈಡ್ರಾಂಜಿಯದ ಎಲೆ ಅಗಲವಾದುದು, ತೆಳುವಾದುದು. ಬೇರುಗಳು ಮೇಲುಮಣ್ಣಿನಲ್ಲಿಯೇ ಹರಡುವ ನವುರಾದ ಬೇರುಗಳು. ಬೇರಿನಿಂದ ಎಲೆಗೆ ನೀರು ಏರುವ ವೇಗಕ್ಕಿಂತ ಎಲೆಯಿಂದ ಹೊರಡುವ ವೇಗ ಹೆಚ್ಚಾದೊಡನೆ ಜೀವಕೋಶಗಳ ಒಳ ಒತ್ತಡ ತಗ್ಗಿ ಎಲೆ ಜೋತುಬೀಳುತ್ತದೆ. ಸಂಜೆ ಗಾಳಿ ತಣಿದರೆ ಮತ್ತೆ ತಾನೇ ನೆಟ್ಟಗಾಗುತ್ತದೆ. ಇಂತಹ ಸಮಯದಲ್ಲಿ ಒದ್ದೆ ಮಣ್ಣಿಗೆ ಇನ್ನಷ್ಟು ನೀರೆರೆದರೆ ಮಣ್ಣಿನಲ್ಲಿ ಗಾಳಿಯಾಡದೆ ಬೇರು ಕೊಳೆಯುತ್ತದೆ. ಬಾಯಾರಿಕೆಯಿಂದ ಸತ್ತ ಹೈಡ್ರಾಂಜಿಯಗಳೊಡನೆ ಹೀಗೆ ಮುಳುಗಿ ಸತ್ತವೂ ಇವೆ. ಆದುದರಿಂದ ಮೊದಲನೆಯ ನಿಯಮ ಇದು: ಎಲೆಯನ್ನು ನೋಡಿ ನೀರೆರೆಯಬಾರದು, ಎರಡು ಅಂಗುಲ ಆಳಕ್ಕೆ ಬೆರಳನ್ನಿಟ್ಟು ಮಣ್ಣನ್ನು ನೋಡಿ ನೀರೆರೆಯಬೇಕು. ಸಂಜೆಯಾದರೂ ಎಲೆ ಏಳದಿದ್ದರೆ ಮಾತ್ರ ನೀರಿನ ಕೊರತೆಯನ್ನೋ ಬೇರಿನ ರೋಗವನ್ನೋ ಶಂಕಿಸಬೇಕು.

ಬಿಸಿಲಿನ ಲೆಕ್ಕವನ್ನೂ ಒಮ್ಮೆ ಹಾಕಿ ನೋಡಬಹುದು. ನಡುಹಗಲಿನಲ್ಲಿ ಒಂದು ಚದರ ಮೀಟರಿನ ಮೇಲೆ ಬೀಳುವ ಸೂರ್ಯಶಕ್ತಿ ಸುಮಾರು ೧,೦೦೦ ವ್ಯಾಟು. ಅದರ ಅರ್ಧವನ್ನು ಎಲೆ ಹೀರಿಕೊಳ್ಳುವುದೆಂದು ಭಾವಿಸೋಣ. ಅರ್ಧ ಚದರ ಮೀಟರು ಹರವಿನ ಒಂದು ಗಿಡಕ್ಕೆ ೨೫೦ ವ್ಯಾಟಿನ ಕಾವು ಬಂದಂತಾಯಿತು. ಒಂದು ಗ್ರಾಂ ನೀರು ಆವಿಯಾಗುವಾಗ ಸುಮಾರು ೫೮೦ ಕ್ಯಾಲೊರಿ ಉಷ್ಣವನ್ನು ಒಯ್ಯುತ್ತದೆ. ಇಷ್ಟು ಕಾವನ್ನೂ ಆವಿಯ ಮೂಲಕವೇ ಕಳೆದುಕೊಳ್ಳಬೇಕಾದರೆ ಗಿಡ ಗಂಟೆಗೆ ಸುಮಾರು ೩೭೦ ಗ್ರಾಂ ನೀರನ್ನು ಹೊರಹಾಕಬೇಕು. ಐದು ಗಂಟೆಯ ಬಿಸಿಲಿಗೆ ಎರಡು ಲೀಟರಿನ ಹತ್ತಿರ! ನೆರಳಿನಿಂದ ಬಿಸಿಲನ್ನು ಅರ್ಧಕ್ಕೆ ಇಳಿಸಿದರೆ ಬಿಸಿಲಿನ ಕಾವಿಗಾಗಿ ಆಗುವ ಈ ಖರ್ಚೂ ಅರ್ಧಕ್ಕೆ ಇಳಿಯುತ್ತದೆ. ಬರದ ಸೀಮೆಯಲ್ಲಿ ಕೊಡ ನೀರಿನ ಬೆಲೆ ಬಲ್ಲವರಿಗೆ ಈ ಲೆಕ್ಕ ಸಣ್ಣದಲ್ಲ.

ಎಲೆತೋಟದವರಿಂದ ಕಲಿಯಬೇಕಾದ ಪಾಠ

ಈ ಕಷ್ಟಕ್ಕೆ ಪರಿಹಾರವನ್ನು ದೂರದಲ್ಲಿ ಹುಡುಕಬೇಕಾಗಿಲ್ಲ. ವೀಳ್ಯದೆಲೆಯ ಬಳ್ಳಿಯೂ ತೇವ ಮತ್ತು ನೆರಳನ್ನು ಬಯಸುವಂಥದು. ಆದರೂ ಬಯಲುಸೀಮೆಯ ರೈತರು ಚೊಗಚೆ, ನುಗ್ಗೆಯಂತಹ ಮರಗಳನ್ನು ಒತ್ತಾಗಿ ಬೆಳೆಸಿ, ಅವುಗಳ ನೆರಳಿನಲ್ಲಿ ಬಳ್ಳಿ ಹಬ್ಬಿಸಿ ಎಲೆತೋಟ ಮಾಡುತ್ತ ಬಂದಿದ್ದಾರೆ. ವಿಜಯನಗರದ ಅರಸರ ಕಾಲದ ತುರ್ತು ಕಾಲುವೆಯ ನೀರು ಹರಿಯುವ ಹಂಪಿಯ ಬಾಳೆಯ ತೋಟದೊಳಗೆ ಬೇಸಗೆಯ ಮಧ್ಯಾಹ್ನ ಕಾಲಿಟ್ಟವರಿಗೆ, ಹೊರಗಿನ ಬಂಡೆಗಳ ಕಾವಿಗೂ ಒಳಗಿನ ತಂಪಿಗೂ ಇರುವ ಅಂತರ ಅನುಭವದಿಂದಲೇ ಗೊತ್ತು. ನೆರಳು ಬಿಸಿಲನ್ನು ತಡೆಯುತ್ತದೆ. ಬಾಳೆಯ ಎಲೆಗಳು ಹೊರಬಿಟ್ಟ ಆವಿ ಗಾಳಿಯ ಬಾಯಾರಿಕೆಯನ್ನು ತಣಿಸುತ್ತದೆ. ಅಲ್ಲಿ ಉಷ್ಣತೆ ೩೪ ಡಿಗ್ರಿಗೆ ಇಳಿದು ಆರ್ದ್ರತೆ ನೂರಕ್ಕೆ ೪೫ಕ್ಕೆ ಏರಿದರೂ ಸಾಕು, ನಾವು ಹೇಳಿದ ೪೪ ಮಿಲಿಮೀಟರಿನ ಕೊರತೆ ೨೨ಕ್ಕೆ, ಎಂದರೆ ಸರಿಯಾಗಿ ಅರ್ಧಕ್ಕೆ ಇಳಿಯುತ್ತದೆ.

ಮನೆಯಂಗಳದಲ್ಲಿಯೂ ಇದನ್ನೇ ಮಾಡಬಹುದು. ಮನೆಯ ಪೂರ್ವ ಅಥವಾ ಉತ್ತರ ದಿಕ್ಕಿನಲ್ಲಿ, ಬೆಳಗಿನ ಒಂಬತ್ತು ಗಂಟೆಯವರೆಗಿನ ಎಳೆಬಿಸಿಲು ಮಾತ್ರ ಬೀಳುವ ಜಾಗವನ್ನು ಆರಿಸಬೇಕು. ಬಾಳೆ, ನುಗ್ಗೆ, ಕರಿಬೇವುಗಳ ಮಗ್ಗುಲು ಉತ್ತಮ. ಕುಂಡವನ್ನು ಒಂಟಿಯಾಗಿ ಇಡದೆ ಬೇರೆ ಗಿಡಗಳ ಗುಂಪಿನ ನಡುವೆ ಇಡಬೇಕು. ತಾರಸಿಯ ಮೇಲೆ, ಸಿಮೆಂಟಿನ ನೆಲದ ಮೇಲೆ, ಬಂಡೆಯ ಬುಡದಲ್ಲಿ ಇಡಲೇಬಾರದು. ಹಗಲೆಲ್ಲ ಕಾವನ್ನು ಹೀರಿದ ಕಲ್ಲು ಇರುಳೆಲ್ಲ ಅದನ್ನು ಹೊರಹಾಕುತ್ತಿರುತ್ತದೆ.

ಇರುಳಿನ ತಂಪಿಗೆ ಇನ್ನೊಂದು ಮಹತ್ವವಿದೆ. ಹೈಡ್ರಾಂಜಿಯದ ಹೂಮೊಗ್ಗು ಒಳಗೊಳಗೇ ರೂಪುಗೊಳ್ಳಬೇಕಾದರೆ ಆರೆಂಟು ವಾರ ಇರುಳಿನ ಉಷ್ಣತೆ ೧೮ ಡಿಗ್ರಿಗಿಂತ ಕೆಳಗಿರಬೇಕು. ಹೊಸಪೇಟೆ, ಕಂಪ್ಲಿಗಳಲ್ಲಿ ಅಷ್ಟು ತಂಪು ದೊರೆಯುವುದು ಡಿಸೆಂಬರ್ ಜನವರಿಗಳಲ್ಲಿ, ಅದೂ ಅಳತೆಗೆ ತಕ್ಕಷ್ಟು ಮಾತ್ರ. ಆ ದಿನಗಳಲ್ಲಿ ಕುಂಡವನ್ನು ಗೋಡೆಯಿಂದ ದೂರ, ಆಕಾಶ ಕಾಣುವ ಬಯಲಿನಲ್ಲಿ ಇಡುವುದು ಒಳ್ಳೆಯದು. ಸಂಡೂರಿನ ಬೆಟ್ಟಗಳಿಗೆ ಈ ವಿಷಯದಲ್ಲಿ ಅನುಕೂಲ ಹೆಚ್ಚು. ಹೊಸಪೇಟೆ ಸಮುದ್ರಮಟ್ಟದಿಂದ ಸುಮಾರು ೪೮೦ ಮೀಟರು ಎತ್ತರದಲ್ಲಿದೆ. ಸಂಡೂರು ಬೆಟ್ಟಸಾಲಿನ ರಾಮನದುರ್ಗ ಸುಮಾರು ೯೯೦ ಮೀಟರು ಎತ್ತರದಲ್ಲಿದೆ. ಸಾವಿರ ಮೀಟರು ಏರಿದರೆ ಗಾಳಿಯ ಉಷ್ಣತೆ ಸರಾಸರಿ ಆರೂವರೆ ಡಿಗ್ರಿ ಇಳಿಯುತ್ತದೆ. ಈ ಲೆಕ್ಕದಂತೆ ರಾಮನದುರ್ಗ ಮೂರು ಡಿಗ್ರಿಯಷ್ಟು ತಂಪು. ಹತ್ತೊಂಬತ್ತನೆಯ ಶತಮಾನದಲ್ಲಿ ಬಳ್ಳಾರಿಯ ದಂಡಿನಲ್ಲಿದ್ದ ಇಂಗ್ಲಿಷ್ ಸೈನಿಕರ ಆರೋಗ್ಯಧಾಮವನ್ನು ಅಲ್ಲಿ ಏರ್ಪಡಿಸಿದ್ದಕ್ಕೆ ಇದೇ ಕಾರಣ. ಸೈನಿಕನಿಗೆ ಹಿತವಾದ ಆ ಮೂರು ಡಿಗ್ರಿ ಹೈಡ್ರಾಂಜಿಯಕ್ಕೂ ಹಿತವೇ.

ಬಣ್ಣ ಬದಲಾಗುವುದೇಕೆ?

ಈಗ ಬಣ್ಣದ ಸಂಗತಿಗೆ ಬರೋಣ. ಶಾಲೆಯ ಪ್ರಯೋಗಶಾಲೆಯಲ್ಲಿ ಲಿಟ್ಮಸ್ ಕಾಗದವನ್ನು ಬಳಸಿದವರಿಗೆ ಆಮ್ಲ ಅದನ್ನು ಕೆಂಪಾಗಿಸುತ್ತದೆ, ಕ್ಷಾರ ನೀಲಿಯಾಗಿಸುತ್ತದೆ ಎಂಬುದು ಗೊತ್ತು. ಹೈಡ್ರಾಂಜಿಯದಲ್ಲಿ ಇದು ತಲೆಕೆಳಗು! ಮಣ್ಣು ಆಮ್ಲವಾಗಿದ್ದರೆ ಹೂವು ನೀಲಿ, ಕ್ಷಾರವಾಗಿದ್ದರೆ ನಸುಗೆಂಪು. ಈ ವೈಚಿತ್ರ್ಯಕ್ಕೆ ಕಾರಣವೇನು?

ಮಣ್ಣಿನ ಆಮ್ಲ ನೇರವಾಗಿ ಹೂವಿಗೆ ಏರುವುದಿಲ್ಲ ಎಂಬುದೇ ಉತ್ತರದ ಮೊದಲ ಮೆಟ್ಟಿಲು. ಏರುವುದು ಅಲ್ಯೂಮಿನಿಯಮ್. ನೀಲಿ ಹೂವಿನ ಪುಷ್ಪಪತ್ರಗಳಲ್ಲಿ ಅಲ್ಯೂಮಿನಿಯಮ್ ಹೆಚ್ಚಾಗಿರುವುದನ್ನು ೧೯೩೦ರ ಮತ್ತು ೧೯೪೦ರ ದಶಕಗಳಲ್ಲಿ ಇಂಗ್ಲೆಂಡಿನ ಚೆನೆರಿ, ಅಮೆರಿಕದ ಆಲೆನ್ ಮೊದಲಾದವರು ತೋರಿಸಿಕೊಟ್ಟರು. ಮುಂದೆ ಜಪಾನಿನ ಕುಮಿ ಯೋಶಿದಾ ಮತ್ತು ಅವರ ಸಹೋದ್ಯೋಗಿಗಳು ಒಂದೊಂದು ಜೀವಕೋಶದ ರಸವನ್ನೇ ಪರೀಕ್ಷಿಸಿ ವಿಷಯವನ್ನು ಸ್ಪಷ್ಟಪಡಿಸಿದರು. ನೀಲಿ ಹೂವಿನಲ್ಲಿಯೂ ಕೆಂಪು ಹೂವಿನಲ್ಲಿಯೂ ಇರುವ ವರ್ಣದ್ರವ್ಯ ಒಂದೇ, ಡೆಲ್ಫಿನಿಡಿನ್ ವರ್ಗಕ್ಕೆ ಸೇರಿದುದು. ಇದು ಒಂಟಿಯಾಗಿದ್ದಾಗ ಕೆಂಪು. ಅಲ್ಯೂಮಿನಿಯಮ್ ಅಯಾನೂ ಜೀವರಸದಲ್ಲಿರುವ ಇನ್ನೊಂದು ವರ್ಣರಹಿತ ಸಂಯುಕ್ತವೂ ಅದರೊಡನೆ ಕೂಡಿ ಹೆಣೆದುಕೊಂಡಾಗ, ಅದು ಹೀರುವ ಬೆಳಕಿನ ಅಲೆಯುದ್ದ ಬದಲಾಗುತ್ತದೆ. ನಮ್ಮ ಕಣ್ಣಿಗೆ ನೀಲಿ ಕಾಣುತ್ತದೆ. ಬಿಳಿಯ ತಳಿಗಳಲ್ಲಿ ಈ ವರ್ಣದ್ರವ್ಯವೇ ಇಲ್ಲದಿರುವುದರಿಂದ ಏನು ಮಾಡಿದರೂ ಅವು ನೀಲಿಯಾಗವು.

ಅಲ್ಯೂಮಿನಿಯಮ್ ಅಪರೂಪದ ವಸ್ತುವಲ್ಲ. ಭೂಮಿಯ ಹೊರಪದರದಲ್ಲಿ ಎಲ್ಲ ಲೋಹಗಳಿಗಿಂತ ಹೆಚ್ಚಾಗಿರುವುದು ಅದೇ; ತೂಕದಲ್ಲಿ ನೂರಕ್ಕೆ ಎಂಟರಷ್ಟು. ಹಂಪಿಯ ಬಂಡೆಗಳ ಫೆಲ್ಸ್ಪಾರಿನಲ್ಲಿ, ಕಂಪ್ಲಿಯ ಎರೆಮಣ್ಣಿನ ಜೇಡಿಯಲ್ಲಿ, ಎಲ್ಲೆಲ್ಲಿಯೂ ಅದಿದೆ. ಆದರೆ ನೀರಿನಲ್ಲಿ ಕರಗಿದರೆ ಮಾತ್ರ ಬೇರಿಗೆ ದಕ್ಕುತ್ತದೆ. ಪಿಎಚ್ ಮೌಲ್ಯ ಐದೂವರೆಗಿಂತ ಕಡಮೆಯಿರುವ ಮಣ್ಣಿನಲ್ಲಿ ಅದು ಕರಗುತ್ತದೆ. ಆರೂವರೆಯ ಮೇಲೆ ಕರಗದ ಹೈಡ್ರಾಕ್ಸೈಡಾಗಿ ಕುಳಿತುಬಿಡುತ್ತದೆ. ಹಗೇವಿನ ತುಂಬ ಜೋಳವಿದ್ದರೂ ಅದರ ಬಾಯಿಗೆ ಕಲ್ಲು ಮುಚ್ಚಿದ್ದರೆ ಮನೆಯವರು ಉಪವಾಸವಿರಬೇಕಾಗುವಂತೆ, ಅಲ್ಯೂಮಿನಿಯಮಿನ ರಾಶಿಯ ಮೇಲೆ ನಿಂತ ಗಿಡವೂ ಅದಿಲ್ಲದೆ ಕೆಂಪು ಹೂವನ್ನು ಬಿಡುತ್ತದೆ.

ಪಿಎಚ್ ಅಳತೆಯ ಬಗ್ಗೆ ಒಂದು ಮಾತು. ಏಳು ಎಂಬುದು ತಟಸ್ಥ. ಕಡಮೆಯಾದರೆ ಆಮ್ಲ, ಹೆಚ್ಚಾದರೆ ಕ್ಷಾರ. ಇದು ಲಾಗರಿತಮಿನ ಅಳತೆ. ಒಂದು ಮೆಟ್ಟಿಲೆಂದರೆ ಹತ್ತು ಪಟ್ಟು. ಪಿಎಚ್ ೫ರ ಮಣ್ಣಿನಲ್ಲಿ ಪಿಎಚ್ ೮ರ ಮಣ್ಣಿಗಿಂತ ಹೈಡ್ರೊಜನ್ ಅಯಾನುಗಳ ಸಾಂದ್ರತೆ ಸಾವಿರ ಪಟ್ಟು ಹೆಚ್ಚು.

ನಾಲ್ಕು ಊರು, ಹಲವು ಮಣ್ಣು

ನಮ್ಮ ಸೀಮೆಯ ವಿಶೇಷವೆಂದರೆ, ಒಂದು ದಿನದ ಪಯಣದಲ್ಲಿ ಹಲವು ಬಗೆಯ ಮಣ್ಣುಗಳನ್ನು ಕಾಣಬಹುದು. ಹಂಪಿಯ ಸುತ್ತ ಗ್ರಾನೈಟಿನ ಬಂಡೆಗಳು ಸವೆದು ಆದ ಮರಳುಮಣ್ಣಿದೆ. ನೀರು ಅದರಲ್ಲಿ ಬೇಗನೆ ಬಸಿದುಹೋಗುತ್ತದೆ, ಸಾರವೂ ನಿಲ್ಲುವುದಿಲ್ಲ. ಕಂಪ್ಲಿಯ ಕಡೆಗೆ ಹೋದರೆ ಕಪ್ಪು ಎರೆಮಣ್ಣು. ಅದು ನೀರನ್ನು ಬಿಗಿಯಾಗಿ ಹಿಡಿಯುತ್ತದೆ, ಬೇಸಗೆಯಲ್ಲಿ ಬಿರಿಯುತ್ತದೆ. ಅದರಲ್ಲಿ ಸುಣ್ಣದ ಹರಳುಗಳು ಬೆರೆತಿರುತ್ತವೆ. ತುಂಗಭದ್ರಾ ಅಣೆಕಟ್ಟು ೧೯೫೩ರಲ್ಲಿ ಮುಗಿದು ಕಾಲುವೆಗಳಲ್ಲಿ ನೀರು ಹರಿದ ಮೇಲೆ ಗದ್ದೆಗಳು ಹಸುರಾದವು. ಬಸಿಗಾಲುವೆ ಸಾಲದ ತಗ್ಗುಗಳಲ್ಲಿ ಚೌಳು ಸಹ ಕಾಣಿಸಿಕೊಂಡಿತು. ಇಂತಹ ಮಣ್ಣಿನ ಪಿಎಚ್ ಎಂಟನ್ನೂ ಮೀರುವುದುಂಟು. ಹೊಸಪೇಟೆಯಲ್ಲಿ ಕೆಂಪು ಮಣ್ಣು, ಕಪ್ಪು ಮಣ್ಣು ಎರಡೂ ಇವೆ.

ಸಂಡೂರಿನ ಮಣ್ಣು ಕಬ್ಬಿಣದಿಂದ ಕೆಂಪಾದುದು. ಅಲ್ಲಿನ ಬೆಟ್ಟಗಳು ಹೆಮಟೈಟ್ ಅದಿರಿಗೆ ಲೋಕಪ್ರಸಿದ್ಧ. ಆದರೆ ಎರಡು ತಪ್ಪು ತಿಳಿವಳಿಕೆಗಳನ್ನು ಇಲ್ಲಿ ನಿವಾರಿಸಬೇಕು. ಮೊದಲನೆಯದಾಗಿ, ಮಣ್ಣು ಕೆಂಪಾಗಿದ್ದ ಮಾತ್ರಕ್ಕೆ ಆಮ್ಲವಾಗಿರಬೇಕೆಂದಿಲ್ಲ. ಕೆಂಪು ಕಬ್ಬಿಣದ ಆಕ್ಸೈಡಿನ ಗುರುತು, ಆಮ್ಲದ ಗುರುತಲ್ಲ. ಎರಡನೆಯದಾಗಿ, ಕಬ್ಬಿಣವಿರುವ ಮಣ್ಣಿನಲ್ಲಿಯೂ ಗಿಡಕ್ಕೆ ಕಬ್ಬಿಣದ ಕೊರತೆಯಾಗಬಹುದು. ಪಿಎಚ್ ಒಂದು ಮೆಟ್ಟಿಲು ಏರಿದರೆ ಫೆರಿಕ್ ಕಬ್ಬಿಣ ಕರಗುವ ಪ್ರಮಾಣ ಸಾವಿರ ಪಟ್ಟು ಇಳಿಯುತ್ತದೆ. ಹೈಡ್ರಾಂಜಿಯದ ಎಳೆಯ ಎಲೆಗಳು ಹಳದಿಯಾಗಿ ನರಗಳು ಮಾತ್ರ ಹಸುರಾಗಿ ಉಳಿದರೆ ಅದು ಈ ಕೊರತೆಯ ಲಕ್ಷಣ. ಅದಿರಿನ ಪುಡಿಯನ್ನು ಕುಂಡಕ್ಕೆ ಸುರಿದು ಪ್ರಯೋಜನವಿಲ್ಲ. ಮಣ್ಣಿನ ಪಿಎಚ್ ಇಳಿಸುವುದೇ ಮದ್ದು.

ಹಾಗಾದರೆ ನೆಲದ ಮಣ್ಣನ್ನೇ ಆಮ್ಲವಾಗಿಸಬಾರದೇಕೆ? ಇಲ್ಲಿಯೂ ಲೆಕ್ಕವೇ ಉತ್ತರ ಕೊಡುತ್ತದೆ. ಎರೆಮಣ್ಣಿನಲ್ಲಿ ನೂರಕ್ಕೆ ಐದರಷ್ಟು ಸುಣ್ಣದ ಕಾರ್ಬೊನೇಟು ಇದೆಯೆಂದು ಇಟ್ಟುಕೊಳ್ಳಿ. ಒಂದು ಕಿಲೋಗ್ರಾಂ ಮಣ್ಣಿನಲ್ಲಿ ಅದು ೫೦ ಗ್ರಾಂ. ಅದನ್ನು ಕಳೆಯಲು ೧೬ ಗ್ರಾಂ ಗಂಧಕ ಬೇಕು. ಒಂದು ಚದರ ಮೀಟರು ಅಗಲ, ಮೂವತ್ತು ಸೆಂಟಿಮೀಟರು ಆಳದ ಮಣ್ಣಿನ ತೂಕ ಸುಮಾರು ೪೦೦ ಕಿಲೋಗ್ರಾಂ. ಅದಕ್ಕೆ ಆರು ಕಿಲೋಗ್ರಾಮಿಗೂ ಹೆಚ್ಚು ಗಂಧಕ ಸುರಿಯಬೇಕಾಗುತ್ತದೆ! ಅಷ್ಟಾದರೂ ಸುತ್ತಲಿನ ಮಣ್ಣಿನಿಂದ ಸುಣ್ಣ ಮತ್ತೆ ಬಂದು ಸೇರುತ್ತದೆ. ಆದುದರಿಂದ ನಮ್ಮಲ್ಲಿ ಹೈಡ್ರಾಂಜಿಯಕ್ಕೆ ಕುಂಡವೇ ಸರಿಯಾದ ಮನೆ.

ನೀರಿನಲ್ಲಿ ಬರುವ ಸುಣ್ಣ

ನರ್ಸರಿಯಿಂದ ನೀಲಿಯಾಗಿ ಬಂದ ಹೂವು ಕುಂಡದಲ್ಲಿಯೇ ಇದ್ದರೂ ಮರುವರ್ಷ ಕೆಂಪಾಗುವುದಕ್ಕೆ ಕಾರಣ ನೀರು. ಕೊಳವೆಬಾವಿಯ ಗಡಸು ನೀರಿನ ಒಂದು ಲೀಟರಿನಲ್ಲಿ ೩೦೦ ಮಿಲಿಗ್ರಾಂ ಸುಣ್ಣದ ಕಾರ್ಬೊನೇಟಿಗೆ ಸಮನಾದ ಕ್ಷಾರತೆ ಇದೆಯೆಂದು ಭಾವಿಸಿ. ದಿನಕ್ಕೆ ಒಂದೂವರೆ ಲೀಟರಿನಂತೆ ನೂರು ದಿನ ಎರೆದರೆ ಕುಂಡಕ್ಕೆ ೪೫ ಗ್ರಾಂ ಸುಣ್ಣವನ್ನು ಹಾಕಿದಂತಾಯಿತು. ನೀರು ಆವಿಯಾಗಿ ಹೋಗುತ್ತದೆ, ಸುಣ್ಣದ ಬಹುಪಾಲು ಉಳಿಯುತ್ತದೆ. ನೀರು ಕಾಯಿಸುವ ಹಂಡೆಯೊಳಗೆ ಕಟ್ಟುವ ಬಿಳಿಯ ಹೊರೆ ಇದೇ. ಮಣ್ಣಿನಲ್ಲಿ ಅದು ಕಾಣುವುದಿಲ್ಲ. ಹೂವು ಅದನ್ನು ನಮಗೆ ಬಣ್ಣದಿಂದ ತಿಳಿಸುತ್ತದೆ.

ಸುಣ್ಣವಿಲ್ಲದ ನೀರೆಂದರೆ ಮಳೆಯ ನೀರು. ಹತ್ತು ಚದರ ಮೀಟರು ಮಾಳಿಗೆಯ ಮೇಲೆ ಹತ್ತು ಮಿಲಿಮೀಟರು ಮಳೆ ಬಿದ್ದರೆ ನೂರು ಲೀಟರು. ಒಂದು ಪೀಪಾಯಿ ಮುಚ್ಚಳವಿಟ್ಟು ಕಾಪಾಡಿದರೆ ಒಂದು ಗಿಡಕ್ಕೆ ಎರಡು ತಿಂಗಳ ನೀರಾಯಿತು. ಬೇಸಗೆಯಲ್ಲಿ ಏರ್ ಕಂಡಿಷನರ್ ಇರುವ ಮನೆ, ಬ್ಯಾಂಕುಗಳ ಹೊರಗೆ ತೊಟ್ಟಿಕ್ಕಿ ಹಾಳಾಗುವ ನೀರೂ ಗಾಳಿಯ ಆವಿಯೇ ತಣಿದು ಆದುದು, ಅದರಲ್ಲಿಯೂ ಸುಣ್ಣವಿರುವುದಿಲ್ಲ. ಎರಡೂ ಸಿಗದಿದ್ದರೆ ಹತ್ತು ಲೀಟರು ನೀರಿಗೆ ಒಂದು ನಿಂಬೆಯ ಹಣ್ಣಿನ ರಸ ಹಿಂಡಿದರೂ ಕ್ಷಾರತೆ ಸ್ವಲ್ಪಮಟ್ಟಿಗೆ ತಗ್ಗುತ್ತದೆ.

ಕುಂಡ, ಮಣ್ಣು ಮತ್ತು ಆರೈಕೆ

ಕುಂಡ ಸುಟ್ಟ ಮಣ್ಣಿನದಾಗಿರಬೇಕು. ಕುಡಿಯುವ ನೀರಿನ ಗಡಿಗೆಯಂತೆ ಅದರ ಮೈಯಿಂದ ನೀರು ಆವಿಯಾಗಿ ಬೇರು ತಂಪಾಗಿರುತ್ತದೆ. ಕಪ್ಪು ಪ್ಲಾಸ್ಟಿಕ್ಕಿನ ಕುಂಡ ಬಿಸಿಲಿಗೆ ಕಾಯುತ್ತದೆ. ಸಿಮೆಂಟಿನ ಕುಂಡ ತಾನೇ ಸುಣ್ಣವನ್ನು ಬಿಡುತ್ತದೆ. ಕುಂಡದ ಬಾಯಿ ಹನ್ನೆರಡರಿಂದ ಹದಿನಾಲ್ಕು ಅಂಗುಲವಿದ್ದು, ತಳದಲ್ಲಿ ನೀರು ಬಸಿಯುವ ತೂತಿರಬೇಕು.

ಮಣ್ಣಿನ ಮಿಶ್ರಣಕ್ಕೆ ಚೆನ್ನಾಗಿ ಕೊಳೆತ ಎಲೆಗೊಬ್ಬರ ಎರಡು ಪಾಲು, ಸುಣ್ಣವಿಲ್ಲದ ಕೆಂಪು ಮಣ್ಣು ಒಂದು ಪಾಲು, ಎರಡು ಮೂರು ಸಲ ತೊಳೆದ ತೆಂಗಿನ ನಾರಿನ ಹುಡಿ ಒಂದು ಪಾಲು, ತೊಳೆದ ಮರಳು ಅರ್ಧ ಪಾಲು ಸೇರಿಸಬೇಕು. ಮಣ್ಣಿನಲ್ಲಿ ಸುಣ್ಣವಿದೆಯೇ ಎಂದು ತಿಳಿಯಲು ಪ್ರಯೋಗಶಾಲೆಯ ಸಾರಗುಂದಿಸಿದ ಹೈಡ್ರೊಕ್ಲೋರಿಕ್ ಆಮ್ಲವನ್ನು ಅಧ್ಯಾಪಕರ ಎದುರಿನಲ್ಲಿ ಒಂದೆರಡು ತೊಟ್ಟು ಹಾಕಿ ನೋಡಿ. ನೊರೆ ಬಂದರೆ ಸುಣ್ಣವಿದೆ. ಸರಿಯಾದ ಪಿಎಚ್ ಬೇಕಾದರೆ ಮಣ್ಣು ಪರೀಕ್ಷಾ ಕೇಂದ್ರಕ್ಕೆ ಕೊಡಬಹುದು. ಮಣ್ಣಿನ ಮೇಲೆ ಎರಡು ಅಂಗುಲ ದಪ್ಪಕ್ಕೆ ಶೇಂಗಾ ಹೊಟ್ಟನ್ನೋ ಕಬ್ಬಿನ ರವದಿಯನ್ನೋ ಹರಡಿದರೆ ತೇವ ಆರುವುದಿಲ್ಲ.

ನೀಲಿ ಹೂವು ಬೇಕೆನ್ನುವವರಿಗೆ ಔಷಧ ಅಂಗಡಿಯಲ್ಲಿಯೇ ಇದೆ. ಕದಡಿದ ಹೊಳೆಯ ನೀರನ್ನು ತಿಳಿಗೊಳಿಸಲು ಬಳಸುವ ಪಟಿಕವೆಂಬುದು ಅಲ್ಯೂಮಿನಿಯಮಿನ ಲವಣ. ಲೀಟರು ಮಳೆನೀರಿಗೆ ಮೂರು ನಾಲ್ಕು ಗ್ರಾಂ ಪಟಿಕದ ಪುಡಿಯನ್ನು ಕರಗಿಸಿ, ಮೊದಲೇ ಒದ್ದೆ ಮಾಡಿದ ಮಣ್ಣಿಗೆ ಮೂರು ವಾರಕ್ಕೊಮ್ಮೆ ಎರೆಯಬೇಕು. ಹೆಚ್ಚಾದರೆ ಬೇರು ಸುಡುತ್ತದೆ. ಮೊಗ್ಗು ಕಾಣಿಸುವುದಕ್ಕೆ ಎರಡು ತಿಂಗಳು ಮುಂಚೆಯೇ ಆರಂಭಿಸಬೇಕು. ಅರಳಿದ ಹೂವಿನ ಬಣ್ಣ ಇದರಿಂದ ಬದಲಾಗದು. ಸೂಪರ್ ಫಾಸ್ಫೇಟು, ಎಲುಬಿನ ಹುಡಿಗಳನ್ನು ಆ ಗಿಡಕ್ಕೆ ಹಾಕಬಾರದು. ರಂಜಕ ಅಲ್ಯೂಮಿನಿಯಮನ್ನು ಕಟ್ಟಿಹಾಕುತ್ತದೆ. ನಸುಗೆಂಪೇ ಸಾಕೆನ್ನುವವರು ನಿಶ್ಚಿಂತರು. ನಮ್ಮ ನೀರು ಆ ಕೆಲಸವನ್ನು ತಾನೇ ಮಾಡುತ್ತದೆ. ಎಲೆ ಹಳದಿಯಾಗದಂತೆ ನೋಡಿಕೊಂಡರೆ ಸರಿ.

ಗಿಡ ಕೊಳ್ಳಲು ಯೋಗ್ಯವಾದ ಕಾಲ ಶ್ರಾವಣದಿಂದ ದೀಪಾವಳಿಯವರೆಗೆ. ಜನವರಿಯಲ್ಲಿ ಕೊಂಡರೆ ಬೇರೂರುವುದರೊಳಗೆ ಬೇಸಗೆ ಬಂದುಬಿಡುತ್ತದೆ. ಕೊಂಬೆ ಕತ್ತರಿಸುವಾಗ ಎಚ್ಚರ ಬೇಕು. ಮುಂದಿನ ಹೂವಿನ ಮೊಗ್ಗು ಹಿಂದಿನ ಋತುವಿನಲ್ಲಿ ಬೆಳೆದ ರೆಂಬೆಯ ತುದಿಯಲ್ಲಿ ಅಡಗಿರುತ್ತದೆ. ಹೂ ಬಾಡಿದೊಡನೆ ಅದರ ಕೆಳಗಿನ ದಷ್ಟಪುಷ್ಟ ಮೊಗ್ಗಿನ ಜೋಡಿಯ ಮೇಲಕ್ಕೆ ಕತ್ತರಿಸಬೇಕು. ಚಳಿಗಾಲದಲ್ಲಿ ಕತ್ತರಿಸಿದವರು ಆ ವರ್ಷದ ಹೂವನ್ನೇ ಕತ್ತರಿಸಿದಂತೆ. ಒಣಹವೆಯಲ್ಲಿ ಎಲೆಯಡಿಯಲ್ಲಿ ಕೆಂಪು ನುಸಿ ಸೇರುತ್ತದೆ. ಬೆಳಗ್ಗೆ ಎಲೆಯ ಹಿಂಬದಿಗೆ ನೀರು ಚಿಮುಕಿಸಿದರೆ ತೊಳೆದುಹೋಗುತ್ತದೆ. ಎಲೆ ಮೊಗ್ಗುಗಳಲ್ಲಿ ವಿಷದ ಅಂಶವಿರುವುದರಿಂದ ಮಕ್ಕಳೂ ಆಡು ದನಗಳೂ ತಿನ್ನದಂತೆ ನೋಡಿಕೊಳ್ಳಬೇಕು.

ಹೊಸ ಸಸಿ ಮಾಡುವುದು ಸುಲಭ. ಜುಲೈ ಆಗಸ್ಟಿನಲ್ಲಿ ಹೂ ಬಿಡದ ರೆಂಬೆಯಿಂದ ನಾಲ್ಕೈದು ಅಂಗುಲದ ತುಂಡನ್ನು ಗೆಣ್ಣಿನ ಕೆಳಗೆ ಕತ್ತರಿಸಿ, ಮೇಲಿನ ಎರಡೆಲೆಗಳನ್ನು ಅರ್ಧಕ್ಕೆ ಕತ್ತರಿಸಿ ಒದ್ದೆ ಮರಳಿನಲ್ಲಿ ಊರಬೇಕು. ನೆರಳಿನಲ್ಲಿ ಇದಕ್ಕೆ ಪಾರದರ್ಶಕವಾದ ಪ್ಲಾಸ್ಟಿಕ್ ಚೀಲವನ್ನು ಮುಚ್ಚಿದರೆ ಮೂರು ನಾಲ್ಕು ವಾರಗಳಲ್ಲಿ ಬೇರು ಬರುತ್ತದೆ.

ವಿದ್ಯಾರ್ಥಿಗಳು ಮಾಡಬಹುದಾದ ಪ್ರಯೋಗಗಳು

ಎರಡು ಉಷ್ಣಮಾಪಕಗಳನ್ನು ಪಕ್ಕಪಕ್ಕದಲ್ಲಿ ತೂಗುಹಾಕಿ, ಒಂದರ ಬುರುಡೆಗೆ ಒದ್ದೆಬಟ್ಟೆ ಸುತ್ತಿ ಬೀಸಣಿಗೆಯಿಂದ ಗಾಳಿ ಬೀಸಿರಿ. ಎರಡರ ಅಂಕಿಗಳ ಅಂತರವೇ ಗಾಳಿಯ ಬಾಯಾರಿಕೆಯ ಅಳತೆ. ೪೦ ಡಿಗ್ರಿಯ, ನೂರಕ್ಕೆ ೨೦ ಆರ್ದ್ರತೆಯ ಗಾಳಿಯಲ್ಲಿ ಒದ್ದೆ ಬುರುಡೆ ಸುಮಾರು ೨೨ ಡಿಗ್ರಿ ತೋರಿಸುತ್ತದೆ, ಅಂತರ ೧೮. ಮಲೆನಾಡಿನ ಮಳೆಗಾಲದಲ್ಲಿ ಅದು ಎರಡು ಮೂರು ಡಿಗ್ರಿ ಮಾತ್ರ. ನಿಮ್ಮ ಅಂಗಳದಲ್ಲಿ ಬಯಲು, ಮರದಡಿ, ಬಾಳೆಯ ಬುಡಗಳಲ್ಲಿ ಹೀಗೆ ಅಳೆದು, ಅಂತರ ಅತಿ ಕಡಮೆಯಿರುವಲ್ಲಿ ಗಿಡವನ್ನು ಇಡಿರಿ.

ಎರಡನೆಯದು ಬಣ್ಣದ ಪ್ರಯೋಗ. ಒಂದೇ ಗಿಡದ ಮೂರು ತುಂಡುಗಳನ್ನು ಒಂದೇ ಮಿಶ್ರಣದ ಮೂರು ಕುಂಡಗಳಲ್ಲಿ ಬೆಳೆಸಿ, ಒಂದಕ್ಕೆ ಮಳೆನೀರು, ಒಂದಕ್ಕೆ ಮಳೆನೀರು ಮತ್ತು ಪಟಿಕ, ಒಂದಕ್ಕೆ ಕೊಳ��ೆಬಾವಿಯ ನೀರು ಕೊಡಿರಿ. ಉಳಿದೆಲ್ಲವೂ ಸಮವಾಗಿರಲಿ. ಹೂವು ಬರುವವರೆಗೆ ವರ್ಷವೇ ಹಿಡಿಯಬಹುದು. ಅಷ್ಟರೊಳಗೆ ಫಲ ತಿಳಿಯಬೇಕೆನ್ನುವವರು ಕೆಂಪು ದಾಸವಾಳದ ಎಸಳನ್ನು ಕುದಿಸಿ ಬಸಿದ ರಸವನ್ನು ಮೂರು ನೀರುಗಳಿಗೂ ಬೆರೆಸಿ ನೋಡಲಿ. ಅದು ಆಮ್ಲದಲ್ಲಿ ಕೆಂಪಾಗುತ್ತದೆ, ಕ್ಷಾರದಲ್ಲಿ ಹಸುರಾಗುತ್ತದೆ.

ಮಲ್ಲಿಗೆಯಂತೆ ಹೈಡ್ರಾಂಜಿಯ ನಮ್ಮ ಬಯಲುಸೀಮೆಯ ಗಿಡವಾಗಲಾರದು. ಹತ್ತು ಕುಂಡಗಳನ್ನಿಟ್ಟು ನೀರು ಸುರಿಯುವುದು ಇಲ್ಲಿ ವಿವೇಕವೂ ಅಲ್ಲ. ಆದರೆ ನೆರಳಿನ ಮೂಲೆಯೊಂದರಲ್ಲಿ, ಪೀಪಾಯಿಯಲ್ಲಿ ಹಿಡಿದಿಟ್ಟ ಮಳೆನೀರಿನಿಂದ ಒಂದು ಗಿಡವನ್ನು ಬೆಳೆಸಬಹುದು. ಅದನ್ನು ಬೇಸಗೆ ದಾಟಿಸಿದವನು ತನ್ನ ಮನೆಯ ಗಾಳಿಯ ಆರ್ದ್ರತೆಯನ್ನು, ಬಾವಿಯ ನೀರಿನ ಗಡಸುತನವನ್ನು, ಕಾಲಡಿಯ ಮಣ್ಣಿನ ಗುಣವನ್ನು ಅರಿತಿರುತ್ತಾನೆ. ಈ ಅರಿವು ನಿಂಬೆ, ಮಲ್ಲಿಗೆ, ಶೇಂಗಾ ಬೆಳೆಯುವವರಿಗೂ ಅಷ್ಟೇ ಉಪಯುಕ್ತ.